ಲಿಬ್ರೆಆಫೀಸ್ ಹೊಸದು, ತೊಡಕು ಹಳೆಯ ಪ್ರೊಫೈಲಿನದು

ಪ್ರಶ್ನೆ: ವಿಂಡೋಸ್ 10ರಲ್ಲಿ ಉಚಿತ ಕಚೇರಿ ತಂತ್ರಾಂಶ ಲಿಬ್ರೆಆಫೀಸಿನ 7.6 ಆವೃತ್ತಿ ತೆಗೆದು 24.8 ಹಾಕಿದೆ. ಐಕಾನ್ ಒತ್ತಿದರೆ ಆರಂಭದ ಚಿತ್ರ ಬಂದು ಮಾಯವಾಗುತ್ತದೆ. ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದರೂ ಅಷ್ಟೇ. ಕಾಗುಣಿತ ಪರೀಕ್ಷೆಯ ಪಟ್ಟಿಗೆ ನಾನು ಸೇರಿಸಿಕೊಂಡಿದ್ದ ನೂರಾರು ಕನ್ನಡ ಪದಗಳು ಹೋದವೇ?

ಉತ್ತರ: ಪದಗಳ ಚಿಂತೆ ಬಿಡಿ. ಅವು ಉಳಿದಿರುವುದಕ್ಕೂ ಮತ್ತೆ ಹಾಕಿದ್ದು ಫಲಿಸದೆ ಇರುವುದಕ್ಕೂ ಕಾರಣ ಒಂದೇ. ಅನ್‌ಇನ್‌ಸ್ಟಾಲ್ ಮಾಡಿದರೆ ಹೋಗುವುದು ಪ್ರೋಗ್ರಾಂ ಮಾತ್ರ. ಸೆಟ್ಟಿಂಗ್, ಎಕ್ಸ್‌ಟೆನ್ಷನ್ (ಹೆಚ್ಚುವರಿ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ), ಪದಪಟ್ಟಿ ಇರುವ ಪ್ರೊಫೈಲ್ ಫೋಲ್ಡರ್ ಅಲ್ಲೇ ಇರುತ್ತದೆ. 2013ರ 4.0 ಆವೃತ್ತಿಯಿಂದ ಇಂದಿನವರೆಗೂ ಅದರ ಹೆಸರು ‘4’ ಎಂದೇ ಇದೆ. ಹೊಸ ಆವೃತ್ತಿಯೂ ಅದನ್ನೇ ಓದುತ್ತದೆ. ಅದರೊಳಗೆ ಕೆಟ್ಟ ಸೆಟ್ಟಿಂಗೋ ಹೊಂದದ ಎಕ್ಸ್‌ಟೆನ್ಷನ್ನೋ ಇದ್ದರೆ ಅಲ್ಲೇ ಬೀಳುತ್ತದೆ.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಲಿಬ್ರೆಆಫೀಸಿನ ‘ಎಸ್‌ಆಫೀಸ್.ಬಿನ್’ ಓಡುತ್ತಿದ್ದರೆ ನಿಲ್ಲಿಸಿ. ನಂತರ ಸ್ಟಾರ್ಟ್ ಮೆನುವಿನ ಲಿಬ್ರೆಆಫೀಸ್ ಗುಂಪಿನಲ್ಲಿರುವ ಸೇಫ್ ಮೋಡ್ ಒತ್ತಿ. ಸೇಫ್ ಮೋಡ್ ತಾತ್ಕಾಲಿಕ ಪ್ರೊಫೈಲ್ ಬಳಸುತ್ತದೆ. ಆದ್ದರಿಂದ ಅದು ತೆರೆದುಕೊಂಡರೆ ಪ್ರೋಗ್ರಾಂ ಸರಿಯಿದೆ, ತಪ್ಪಿರುವುದು ನಿಮ್ಮ ಪ್ರೊಫೈಲಿನಲ್ಲಿ ಎಂದರ್ಥ. ಆಗ ಬರುವ ಪೆಟ್ಟಿಗೆಯಲ್ಲಿ ಮೊದಲು ಎಕ್ಸ್‌ಟೆನ್ಷನ್‌ಗಳನ್ನು ನಿಷ್ಕ್ರಿಯಗೊಳಿಸಿ ನೋಡಿ. ಆಗದಿದ್ದರೆ ಹಾರ್ಡ್‌ವೇರ್ ಆ್ಯಕ್ಸೆಲರೇಷನ್ (ಚಿತ್ರ ಮೂಡಿಸುವ ಕೆಲಸಕ್ಕೆ ಗ್ರಾಫಿಕ್ಸ್ ಯಂತ್ರಾಂಶ ಬಳಸುವುದು) ತೆಗೆಯಿರಿ. ಹಳೆಯ ಗ್ರಾಫಿಕ್ಸ್ ಡ್ರೈವರ್ ಇರುವ ಕಡೆ ಇದು ಕೆಲಸ ಮಾಡುತ್ತದೆ. ಇಡೀ ಪ್ರೊಫೈಲ್ ರೀಸೆಟ್ ಮಾಡುವ ಆಯ್ಕೆಯನ್ನು ಮಾತ್ರ ಈಗಲೇ ಮುಟ್ಟಬೇಡಿ.

ಎರಡೂ ಫಲಿಸದಿದ್ದರೆ ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ %ಆ್ಯಪ್‌ಡೇಟಾ% ಎಂದು ಬರೆದು ಎಂಟರ್ ಕೊಡಿ. ಲಿಬ್ರೆಆಫೀಸ್ ಫೋಲ್ಡರಿನ ಒಳಗೆ 4, ಅದರೊಳಗೆ ‘ಯೂಸರ್’ ಸಿಗುತ್ತದೆ. ಅದನ್ನು ಅಳಿಸಬೇಡಿ, ಹೆಸರು ಬದಲಿಸಿ ‘ಯೂಸರ್-ಹಳೆ’ ಎಂದಿಡಿ. ಮತ್ತೆ ತೆರೆದಾಗ ಹೊಸ ಯೂಸರ್ ಫೋಲ್ಡರ್ ತಾನೇ ಹುಟ್ಟುತ್ತದೆ. ಲಿಬ್ರೆಆಫೀಸ್ ಮುಚ್ಚಿ, ಹಳೆಯದರಿಂದ ವರ್ಡ್‌ಬುಕ್, ಆಟೊಕಾರ್, ಆಟೊಟೆಕ್ಸ್ಟ್, ಟೆಂಪ್ಲೇಟ್ ಈ ನಾಲ್ಕನ್ನು ಹೊಸದಕ್ಕೆ ನಕಲಿಸಿ. ನಿಮ್ಮ ಪದಗಳು ಸಾಮಾನ್ಯವಾಗಿ ವರ್ಡ್‌ಬುಕ್ಕಿನ ‘ಸ್ಟ್ಯಾಂಡರ್ಡ್.ಡಿಐಸಿ’ಯಲ್ಲಿ ಇರುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಮೇಲೆ ಮೂರು ಸಾಲಿನ ತಲೆಬರಹ, ಮೂರು ಅಡ್ಡಗೆರೆ, ಕೆಳಗೆ ಸಾಲಿಗೊಂದು ಪದ ಕಾಣುತ್ತದೆ. ಸೆಟ್ಟಿಂಗ್‌ಗಳಿರುವ ‘ರಿಜಿಸ್ಟ್ರಿಮಾಡಿಫಿಕೇಷನ್ಸ್.ಎಕ್ಸ್‌ಸಿಯು’ ಮತ್ತು ಎಕ್ಸ್‌ಟೆನ್ಷನ್ಸ್ ಫೋಲ್ಡರ್ ನಕಲಿಸಬೇಡಿ, ರೋಗ ಇರುವುದು ಬಹುತೇಕ ಅಲ್ಲೇ.

ಸೇಫ್ ಮೋಡೂ ತೆರೆಯದಿದ್ದರೆ, ಅಥವಾ ‘ಬೂಟ್‌ಸ್ಟ್ರಾಪ್.ಐಎನ್ಐ ಕೆಟ್ಟಿದೆ’ ಎಂಬ ಸಂದೇಶ ಬಂದರೆ ಮಾತ್ರ ಪ್ರೋಗ್ರಾಂ ಮತ್ತೆ ಹಾಕುವುದರಲ್ಲಿ ಅರ್ಥವಿದೆ. ಮುಂದೆ 25.8 ಹಾಕುವವರು ಗಮನಿಸಿ: ಅದು ವಿಂಡೋಸ್ 7, 8ರಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಉಬುಂಟುವಿನಲ್ಲಿ ಅಪ್‌ಗ್ರೇಡ್ ಆದಮೇಲೆ ‘ಬಳಕೆದಾರರ ಸ್ಥಾಪನೆ ಪೂರ್ಣಗೊಳ್ಳಲಿಲ್ಲ’ ಎಂಬರ್ಥದ ಸಂದೇಶ ಬರುತ್ತಿದೆ. ಏನು ಮಾಡಲಿ?

ಉತ್ತರ: ಪ್ರೊಫೈಲ್ ಫೋಲ್ಡರಿಗೆ ಬರೆಯಲು ಆಗುತ್ತಿಲ್ಲ. ಡಿಸ್ಕ್ ತುಂಬಿದೆಯೇ ನೋಡಿ. ಜಾಗವಿದ್ದರೆ, ಹೋಮ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿ ‘.ಕಾನ್ಫಿಗ್’ ಒಳಗಿನ ಲಿಬ್ರೆಆಫೀಸ್ ಫೋಲ್ಡರಿನ ಮಾಲೀಕರು ಯಾರೆಂದು ಪರೀಕ್ಷಿಸಿ. ಎಂದಾದರೂ ಸುಡೊ (ನಿರ್ವಾಹಕರ ಅಧಿಕಾರ ಕೊಡುವ ಆಜ್ಞೆ) ಹಾಕಿ ತೆರೆದಿದ್ದರೆ ಅದು ನಿರ್ವಾಹಕ ಖಾತೆಯಾದ ರೂಟ್ ಹೆಸರಿನಲ್ಲಿ ಉಳಿದಿರಬಹುದು. ಒಳಗಿನ ಕಡತಗಳೂ ಸೇರುವಂತೆ ಅದನ್ನು ನಿಮ್ಮ ಹೆಸರಿಗೆ ಮರಳಿಸಿ. ಇನ್ನು ಮುಂದೆ ಲಿಬ್ರೆಆಫೀಸನ್ನು ಸುಡೊ ಇಲ್ಲದೆಯೇ ತೆರೆಯಿರಿ.