ಕಾಸರಗೋಡಿನಲ್ಲಿ ಹತ್ತಿದ ಹೊಸ ಕೆಂಪು ಬೋಗಿ ಹಳೆಯ ನೀಲಿ ಬೋಗಿಗಿಂತ ಹೆಚ್ಚು ಜಗ್ಗುವುದೇಕೆ?

ಕಾರಣ ಬೋಗಿಗಳ ನಡುವಿನ ಕೊಂಡಿ. ಹಳೆಯ ನೀಲಿ ಬೋಗಿಗಳನ್ನು (ಚೆನ್ನೈನ ಐಸಿಎಫ್ ಕಾರ್ಖಾನೆಯ ಮಾದರಿ) ತಿರುಪಿನ ಕೊಂಡಿಯಿಂದ ಬಿಗಿಯುತ್ತಾರೆ. ಎರಡೂ ಬದಿಯ ಸ್ಪ್ರಿಂಗ್ ಬಫರ್‌ಗಳು ಒಂದಕ್ಕೊಂದು ಒತ್ತಿಕೊಂಡೇ ಇರುವುದರಿಂದ ಸಡಿಲಕ್ಕೆ ಜಾಗ ಕಡಿಮೆ. ಕೆಂಪು ಬೋಗಿ ಜರ್ಮನ್ ಮೂಲದ ಎಲ್‌ಎಚ್‌ಬಿ ಮಾದರಿಯದು; ಅದಕ್ಕೆ ನಡುವೆ ಒಂದೇ ಕೊಂಡಿ, ಬೆರಳು ಮಡಚಿ ಹಿಡಿದ ಎರಡು ಕೈಗಳ ಹಾಗೆ. ಆ ಹಿಡಿತದಲ್ಲಿ ತುಸು ಆಟ, ಅಂದರೆ ಸಡಿಲ, ಇರುತ್ತದೆ. ಇಪ್ಪತ್ತು ಬೋಗಿಗಳ ಆಟ ಒಟ್ಟುಗೂಡಿದರೆ ಹಿಂದಿನ ಬೋಗಿಯಲ್ಲಿ ಕೈಯಲ್ಲಿದ್ದ ಚಹಾ ಚೆಲ್ಲುತ್ತದೆ. ಆದರೂ ನನ್ನ ಮತ ಕೆಂಪಿಗೇ: ಅಪಘಾತದಲ್ಲಿ ಒಂದು ಬೋಗಿ ಇನ್ನೊಂದರ ಮೇಲೆ ಹತ್ತದಂತೆ ತಡೆಯುವುದೂ ಇದೇ ಕೊಂಡಿ. 2023ರಲ್ಲಿ ಕಾಸರಗೋಡು–ತಿರುವನಂತಪುರ ನಡುವೆ ಶುರುವಾದ ವಂದೇ ಭಾರತ್‌ಗೆ ಪ್ರತ್ಯೇಕ ಎಂಜಿನ್ ಇಲ್ಲ. ಮೋಟಾರುಗಳು ಹಲವು ಬೋಗಿಗಳ ಅಡಿಯಲ್ಲಿ ಹಂಚಿಕೊಂಡಿವೆ. ಹಾಗಾಗಿ ಹೊರಡುವಾಗ ಜಗ್ಗು ಅಷ್ಟಾಗಿ ತಿಳಿಯುವುದಿಲ್ಲ.