ಮರೆತುಬಿಡು ಅಂದರೆ ಮರೆಯುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ, ದಾವಣಗೆರೆ ಕಡೆಯವಳು. ಎರಡು ವರ್ಷದ ಹಿಂದೆ ಹೆದ್ದಾರಿಯಲ್ಲಿ ಲಾರಿ ಬಡಿದು, ಬೈಕ್ ಓಡಿಸುತ್ತಿದ್ದ ನನ್ನ ತಮ್ಮ ಕಣ್ಣೆದುರೇ ತೀರಿಕೊಂಡ. ನಾನು ಹಿಂದೆ ಕೂತಿದ್ದೆ. ಅಂದಿನಿಂದ ಆ ರಸ್ತೆ ತುಳಿದಿಲ್ಲ, ಊರಿಗೆ ಹೋಗಬೇಕಾದರೆ ಸುತ್ತಿ ಹೋಗುತ್ತೇನೆ. ಅವನ ಫೋಟೊ ಬೀರುವಿನಲ್ಲಿದೆ. ಗೌರಿ ಹಬ್ಬ ಮಾಡುವುದನ್ನೂ ಬಿಟ್ಟೆ. ಆದರೂ ರಾತ್ರಿ ಬ್ರೇಕಿನ ಸದ್ದು ಕೇಳಿಸಿದಂತಾಗಿ ಬೆಚ್ಚಿ ಏಳುತ್ತೇನೆ. ಮನೆಯವರು ‘ಅದನ್ನೆಲ್ಲ ಮರೆತುಬಿಡು’ ಅನ್ನುತ್ತಾರೆ. ಮೊಬೈಲ್ ನೋಡಿಕೊಂಡು ಧ್ಯಾನ ಶುರು ಮಾಡಿದೆ. ಕಣ್ಣು ಮುಚ್ಚಿ ಉಸಿರು ಗಮನಿಸಿದ ಕೂಡಲೇ ಎಲ್ಲ ಮತ್ತೆ ಕಾಣುತ್ತದೆ. ಧ್ಯಾನ ನನಗೆ ಆಗಿಬರುವುದಿಲ್ಲವೇ?

ಉತ್ತರ: ಕಣ್ಣು ಮುಚ್ಚಿ ಉಸಿರು ನೋಡುವ ಧ್ಯಾನವನ್ನು ಸದ್ಯಕ್ಕೆ ನಿಲ್ಲಿಸಿ. ತಪ್ಪು ನಿಮ್ಮದಲ್ಲ. ಭಯವಾದಾಗ ಮೊದಲು ಬದಲಾಗುವುದೇ ಉಸಿರು. ಎದೆ ಬಡಿತ, ಏದುಸಿರು ಎಲ್ಲವೂ ಆ ದಿನದ ನೆನಪಿಗೆ ಅಂಟಿಕೊಂಡಿರುತ್ತವೆ. ಉಸಿರಿನ ಮೇಲೆ ಗಮನ ಇಟ್ಟರೆ ನೇರ ಅಲ್ಲಿಗೇ ಹೋಗಿ ನಿಲ್ಲುವವರು ಅನೇಕರಿದ್ದಾರೆ.

ಪತ್ರ ಓದಿ ಕಾಯಿಲೆಗೆ ಹೆಸರಿಡಲಾಗದು. ಆದರೆ ನೀವು ಬರೆದದ್ದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆಯ ಲಕ್ಷಣಗಳನ್ನು ಹೋಲುತ್ತದೆ. ಘಟನೆ ತಾನಾಗಿ ಮರಳಿ ಬರುವುದು, ಸದಾ ಬೆಚ್ಚುವುದು, ಮನಸ್ಸು ಮಂಕಾಗುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಸರಿಯುವುದು. ಇವು ಒಂದು ತಿಂಗಳಿಗೂ ಮೀರಿ ಉಳಿದು ಬದುಕಿಗೆ ಅಡ್ಡಿಯಾದರೆ ಮನೋವೈದ್ಯರು ಈ ಕಾಯಿಲೆಯನ್ನು ಯೋಚಿಸುತ್ತಾರೆ.

ಇದರಲ್ಲಿ ದೂರ ಸರಿಯುವುದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಸುತ್ತು ದಾರಿ ಹಿಡಿದ ಕೂಡಲೇ ಎದೆ ಹಗುರಾಗುತ್ತದಲ್ಲ, ಆ ನೆಮ್ಮದಿಯೇ ಮನಸ್ಸಿಗೆ ಪಾಠ ಕಲಿಸುತ್ತದೆ: ‘ಆ ರಸ್ತೆ ಅಪಾಯ, ತಪ್ಪಿಸಿಕೊಂಡಿದ್ದಕ್ಕೇ ಉಳಿದೆ.’ ಹೀಗೆ ಪ್ರತಿ ಸಲವೂ ಭಯ ಗಟ್ಟಿಯಾಗುತ್ತದೆ. ರಸ್ತೆಯಾದರೆ ಕಣ್ಣಿಗೆ ಕಾಣುತ್ತದೆ. ಒಳಗಿನ ಭಾವನೆಯಿಂದ ತಪ್ಪಿಸಿಕೊಳ್ಳುವುದು ಕಾಣುವುದಿಲ್ಲ. ದುಃಖ ಒತ್ತರಿಸುವ ಮೊದಲೇ ಪಾತ್ರೆ ತೊಳೆಯಲು ಏಳುವುದು, ಮನೆ ಮೌನವಾಗದಂತೆ ಟಿವಿ ಹಾಕಿಡುವುದು, ಯಾರಾದರೂ ತಮ್ಮನ ಹೆಸರೆತ್ತಿದರೆ ಮಾತು ಬದಲಿಸುವುದು ಎಲ್ಲವೂ ಅದೇ.

ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದರೆ ಕೋತಿಯೇ ಬರುತ್ತದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಇದನ್ನೇ ಬಿಳಿ ಕರಡಿಯಿಂದ ಪರೀಕ್ಷಿಸಿದರು. ಕರಡಿಯನ್ನು ನೆನೆಯಬೇಡಿ ಅಂದರೂ ಜನರಿಗೆ ಅದು ಮತ್ತೆ ಮತ್ತೆ ಬಂತು. ತಡೆ ತೆಗೆದ ಮೇಲಂತೂ ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಹೆಚ್ಚಾಗಿ ಬಂತು. ಮನೆಯವರು ಪ್ರೀತಿಯಿಂದಲೇ ಹೇಳುತ್ತಿದ್ದಾರೆ. ಆದರೂ ‘ಮರೆತುಬಿಡು’ ಎಂಬ ಮಾತು ಅವರು ಬಿಡಬೇಕು. ಈ ಪತ್ರವನ್ನೇ ಅವರಿಗೆ ತೋರಿಸಿ.

ಉಸಿರು ಗಮನಿಸುವಂಥ ಧ್ಯಾನವನ್ನು ಮೈಂಡ್‌ಫುಲ್‌ನೆಸ್ ಅನ್ನುತ್ತಾರೆ. ಅದು ಮನಸ್ಸನ್ನು ಖಾಲಿ ಮಾಡುವುದಲ್ಲ. ಬಂದದ್ದನ್ನು ದೂಡದೆ, ಅದರ ಹಿಂದೆಯೂ ಓಡದೆ, ಬಂದಿದೆ ಎಂದು ಗುರುತಿಸುವುದು. ನೆನಪು ಬಾರದಿರಲಿ ಎಂದು ಧ್ಯಾನಕ್ಕೆ ಕೂತರೆ ಧ್ಯಾನವೂ ಇನ್ನೊಂದು ಸುತ್ತು ದಾರಿಯೇ ಆಗುತ್ತದೆ. ಹೀಗೆ ಮಾಡಿ ನೋಡಿ: ಕಣ್ಣು ತೆರೆದಿರಲಿ. ಬರಿಗಾಲು ನೆಲಕ್ಕೂರಿ, ನೆಲದ ತಂಪು ಗಮನಿಸಿ. ಎರಡು ನಿಮಿಷ ಸಾಕು. ಭಯ ಬಂದರೆ ‘ಭಯ ಬಂತು, ಎದೆ ಬಡಿಯುತ್ತಿದೆ, ನಾನು ಅಡುಗೆಮನೆಯಲ್ಲಿದ್ದೇನೆ’ ಎಂದು ಮೆಲ್ಲಗೆ ಹೇಳಿಕೊಳ್ಳಿ. ತಡೆಯಲಾರದಷ್ಟಾದರೆ ಎದ್ದುಬಿಡಿ. ನಾಳೆ ಮತ್ತೆ ಕೂರುವುದಾದರೆ ಇಂದು ಎದ್ದದ್ದು ಓಡಿಹೋದಂತಲ್ಲ.

ಆದರೆ ಇದೊಂದನ್ನೇ ನೆಚ್ಚಿ ಕೂರಬೇಡಿ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ 116 ಮಾಜಿ ಸೈನಿಕರನ್ನು ಎರಡು ಗುಂಪು ಮಾಡಿದ್ದರು. ಮೈಂಡ್‌ಫುಲ್‌ನೆಸ್ ಕಲಿತವರು ತಮ್ಮ ಲಕ್ಷಣಗಳು ಹೆಚ್ಚು ತಗ್ಗಿವೆ ಎಂದರು. ಕಾಯಿಲೆಯಿಂದಲೇ ಹೊರಬಂದವರ ಲೆಕ್ಕದಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಅದು ಊರುಗೋಲು. ಮುಖ್ಯ ಚಿಕಿತ್ಸೆ ಬೇರೆ: ತರಬೇತಾದ ಚಿಕಿತ್ಸಕರ ಎದುರು ನಡೆದದ್ದನ್ನು ಹೇಳುವುದು, ತಪ್ಪಿಸಿಕೊಂಡ ಜಾಗಗಳಿಗೆ ಹಂತ ಹಂತವಾಗಿ ಮರಳುವುದು, ಬೇಕಾದರೆ ಮಾತ್ರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನಿಸಿದರೆ ಆ ಕ್ಷಣವೇ ಕರೆ ಮಾಡಿ.

ಆ ರಸ್ತೆಗೆ ಒಬ್ಬರೇ ಹೋಗುವ ಸಾಹಸ ಈಗಲೇ ಬೇಡ. ಫೋಟೊ ಮಾತ್ರ ಬೇರೆ ವಿಷಯ. ಅಪಘಾತವನ್ನು ಬೀರುವಿಗೆ ಹಾಕಿ ಬೀಗ ಹಾಕುವಾಗ, ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮದ ದುಡ್ಡು ಕೈಗಿಡುತ್ತಿದ್ದ ತಮ್ಮನೂ ಒಳಗೇ ಉಳಿದುಬಿಟ್ಟ. ನಿಮ್ಮ ಜತೆ ಅಳಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಗಲು ಹೊತ್ತಿನಲ್ಲಿ, ಒಮ್ಮೆ ಅವನ ಫೋಟೊ ಹೊರಗೆ ತೆಗೆಯಿರಿ. ಅವನು ಸತ್ತ ದಿನದ ಮಾತು ಅಂದು ಬೇಡ. ಅವನು ಚಿಕ್ಕವನಿದ್ದಾಗಿನ ಒಂದು ಸಂಗತಿ ಅವರಿಗೆ ಹೇಳಿ.