ಮೊದಲು ಹೊಲಿಗೆ, ಆಮೇಲೆ ನೆರಿಗೆ

"ಸ್ಟೀವ್ ಜಾಬ್ಸ್‌ಗೆ ಕಪ್ಪು ಅಂಗಿ ಮಾಡಿಕೊಟ್ಟದ್ದು ಬಿಟ್ಟರೆ ಇಸ್ಸೆ ಮಿಯಾಕೆ ಮಾಡಿದ್ದೇನು?" ಎಂದು ಕೇಳಿದ್ದೀರಿ. ಆ ಅಂಗಿ ಬಿಡಿ, ಜಪಾನಿನ ಈ ಫ್ಯಾಷನ್ ಡಿಸೈನರ್ ಮಾಡಿದ ಕೆಲಸದಲ್ಲಿ ಅದು ಚೂರುಪಾರು. ನನ್ನನ್ನು ಕೇಳಿದರೆ ನೆರಿಗೆ ಎನ್ನುತ್ತೇನೆ.

ನಾನು ಹೊಲಿಗೆ ಕಲಿತವಳು. ನೆರಿಗೆ ಲಂಗಕ್ಕೆ ನಮಗೆ ಹೇಳಿಕೊಟ್ಟ ಕ್ರಮ ಒಂದೇ: ಮೊದಲು ಬಟ್ಟೆಗೆ ನೆರಿಗೆ ಹಿಡಿ, ಇಸ್ತ್ರಿ ಹಾಕು, ಆಮೇಲೆ ಹೊಲಿ. ಮಿಯಾಕೆ ಇದನ್ನೇ ಉಲ್ಟಾ ಮಾಡಿದರು. ಬೇಕಾದ ಅಳತೆಗಿಂತ ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಇಡೀ ಉಡುಪನ್ನು ಹೊಲಿದು ಮುಗಿಸುವುದು. ನಂತರ ಅದನ್ನು ಕಾಗದಗಳ ನಡುವೆ ಇಟ್ಟು ಬಿಸಿ ಮೆಷಿನ್ನಿಗೆ ಕೊಡುವುದು. ಹೊರಬರುವಾಗ ನೆರಿಗೆ ಬಿದ್ದು ಮೈಯಳತೆಗೆ ಕುಗ್ಗಿರುತ್ತದೆ. ಹತ್ತಿ ಬಟ್ಟೆಯಾದರೆ ನೀರು ಕಂಡ ಕೂಡಲೇ ನೆರಿಗೆ ಬಿಚ್ಚಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಗಲ್ಲ, ಬಿಸಿಯಲ್ಲಿ ಹಿಡಿದ ಆಕಾರ ಬಿಡುವುದಿಲ್ಲ. ಒಗೆದು ಸುಮ್ನೆ ಒಣಹಾಕಿದರೆ ಸಾಕು, ಇಸ್ತ್ರಿ ಬೇಡ. 1991ರಲ್ಲಿ ವಿಲಿಯಂ ಫೋರ್ಸೈತ್ ಅವರ ಬ್ಯಾಲೆ ತಂಡಕ್ಕೆ ಇಂಥ ಉಡುಪು ಮಾಡಿಕೊಟ್ಟರು. 1993ರಲ್ಲಿ 'ಪ್ಲೀಟ್ಸ್ ಪ್ಲೀಸ್' ಎಂಬ ಹೆಸರಲ್ಲಿ ಈ ನೆರಿಗೆ ಉಡುಪು ಅಂಗಡಿಗೆ ಬಂತು.

ಮಿಯಾಕೆ ಹುಟ್ಟಿದ್ದು 1938ರಲ್ಲಿ, ಹಿರೋಷಿಮಾದಲ್ಲಿ. ಬಾಂಬ್ ಬಿದ್ದಾಗ ಏಳು ವರ್ಷ. ವಿಕಿರಣದಿಂದ ತಾಯಿ ಮೂರೇ ವರ್ಷದೊಳಗೆ ತೀರಿಕೊಂಡರು. ಬಾಂಬಿನಿಂದ ಬದುಕುಳಿದ ಡಿಸೈನರ್ ಎಂಬ ಹಣೆಪಟ್ಟಿ ಬೇಡವೆಂದು ದಶಕಗಳ ಕಾಲ ಆ ಬಗ್ಗೆ ಬಾಯಿ ಬಿಡಲಿಲ್ಲ. ಬಹಿರಂಗವಾಗಿ ಬರೆದದ್ದು 2009ರಲ್ಲಿ.

ಪ್ಯಾರಿಸ್‌ನಲ್ಲಿ ಗೀ ಲರೋಶ್, ಜಿವಾಂಶಿ ಎಂಬ ಹೆಸರಾಂತ ಡಿಸೈನರ್‌ಗಳ ಬಳಿ ಕೆಲಸ ಮಾಡಿದರು. 1968ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದದ್ದನ್ನು ಕಂಡ ಮೇಲೆ, ಸಿರಿವಂತರಿಗಷ್ಟೇ ಹೊಲಿಯುವುದು ಅವರಿಗೆ ಸಾಕೆನಿಸಿತು. 1970ರಲ್ಲಿ ಟೋಕಿಯೋದಲ್ಲಿ ಸ್ವಂತ ಸ್ಟುಡಿಯೋ ತೆರೆದರು.

ಅಂದಹಾಗೆ ಜಾಬ್ಸ್ ಕತೆಯೂ ತಮಾಷೆಯದೇ. ಮಿಯಾಕೆ ಸೋನಿ ನೌಕರರಿಗೆ ಮಾಡಿದ ಸಮವಸ್ತ್ರ ನೋಡಿ, ಆಪಲ್‌ಗೂ ಅಂಥದ್ದು ಬೇಕೆಂದು ಜಾಬ್ಸ್ ಕೇಳಿದರು. ಆಪಲ್‌ನವರು ಒಪ್ಪಲಿಲ್ಲ. ಕೊನೆಗೆ ತಮಗಷ್ಟೇ ರಾಶಿ ಕಪ್ಪು ಅಂಗಿ ಮಾಡಿಸಿಕೊಂಡರು.

ಮಿಯಾಕೆ 2022ರ ಆಗಸ್ಟ್‌ನಲ್ಲಿ, 84ರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಇನ್ನೊಂದು ಕೆಲಸ 'ಎ-ಪಾಕ್'. 1990ರ ದಶಕದ ಕೊನೆಯಲ್ಲಿ ಡಿಸೈನರ್ ದಾಯಿ ಫುಜಿವಾರಾ ಜೊತೆ ಮಾಡಿದ್ದು. ಕಂಪ್ಯೂಟರ್ ಹೇಳಿದಂತೆ ಮೆಷಿನ್ ಕೊಳವೆಯಂಥ ಬಟ್ಟೆ ಹೆಣೆಯುತ್ತದೆ. ಉಡುಪಿನ ಆಕಾರ ಅದರೊಳಗೇ ಇರುತ್ತದೆ. ಕೊಂಡವರು ಕತ್ತರಿ ತೆಗೆದುಕೊಂಡು ಗೆರೆಯ ಮೇಲೆ ಕತ್ತರಿಸಿ ತೊಟ್ಟರಾಯಿತು, ಹೊಲಿಗೆಯೇ ಬೇಡ. ಓದಿದಾಗ ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು ಬಿಡಿ.